ಪ್ರೌಢಶಾಲೆಯ ಮಕ್ಕಳಿಗೆ ಅಮೆರಿಕದ ಸರ್ಕಾರವನ್ನೂ ಅದರ ಆರ್ಥಿಕ ನೀತಿಯನ್ನೂ ಎಲ್ಲಿಂದ ಆರಂಭಿಸಿ ಕಲಿಸಬೇಕು?

ಪ್ರಶ್ನೆ: ಸಮಾಜ ವಿಜ್ಞಾನ ಶಿಕ್ಷಕಿ, ಜಮಖಂಡಿ ತಾಲ್ಲೂಕು (ನವೆಂಬರ್ 2025)

ನಾನು ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಒಂಬತ್ತು ಮತ್ತು ಹತ್ತನೆಯ ತರಗತಿಗಳಿಗೆ ಸಮಾಜ ವಿಜ್ಞಾನ ಕಲಿಸುತ್ತೇನೆ. ನಮ್ಮ ಪಠ್ಯದಲ್ಲಿ ಅಮೆರಿಕ ಬಿಡಿಬಿಡಿಯಾಗಿ ಬರುತ್ತದೆ. ಒಂದೆಡೆ ಸ್ವಾತಂತ್ರ್ಯ ಸಂಗ್ರಾಮ, ಇನ್ನೊಂದೆಡೆ ಮಹಾಯುದ್ಧ, ಮತ್ತೊಂದೆಡೆ ಭಾರತದ ವಿದೇಶಾಂಗ ಸಂಬಂಧಗಳ ನಡುವೆ ಒಂದು ಪರಿಚ್ಛೇದ. ಆ ದೇಶದಲ್ಲಿ ತೆರಿಗೆ ವಿಧಿಸುವವರು ಯಾರು, ಖರ್ಚಿಗೆ ಒಪ್ಪಿಗೆ ಕೊಡುವವರು ಯಾರು ಎಂಬುದನ್ನು ಮಕ್ಕಳು ಎಲ್ಲಿಯೂ ಓದುವುದಿಲ್ಲ.

ಈ ವರ್ಷ ಮಕ್ಕಳೇ ಅದನ್ನು ಕೇಳತೊಡಗಿದ್ದಾರೆ. ಆಗಸ್ಟ್‌ನಲ್ಲಿ ಭಾರತದ ಸರಕುಗಳ ಮೇಲೆ ಮೊದಲು ಶೇ 25, ಆ ತಿಂಗಳ 27ರಿಂದ ರಷ್ಯಾದ ತೈಲ ಖರೀದಿಯ ಕಾರಣ ಹೇಳಿ ಇನ್ನೂ ಶೇ 25 ಸುಂಕ ಬಿದ್ದ ಸುದ್ದಿ ಎಲ್ಲರ ಮೊಬೈಲಿಗೂ ಬಂದಿತ್ತು. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಟೀಚರ್, ಒಬ್ಬಾಂವ ಸಹಿ ಮಾಡಿದ್ರ ಟ್ಯಾಕ್ಸ್ ಹೆಂಗ ಬೀಳ್ತದ್ರಿ? ಅಲ್ಲಿ ಪಾರ್ಲಿಮೆಂಟ್ ಇಲ್ಲೇನ್ರಿ?” ಎಂದು ಕೇಳಿದ. ದಸರಾ ರಜೆ ಮುಗಿದ ಮೇಲೆ ಇದಕ್ಕೆ ತೀರ ವಿರುದ್ಧವಾದ ಪ್ರಶ್ನೆ ಬಂತು: ಇಷ್ಟೊಂದು ಅಧಿಕಾರವಿರುವ ಅಧ್ಯಕ್ಷರ ಸರ್ಕಾರಕ್ಕೆ ನೌಕರರ ಸಂಬಳ ಕೊಡಲಾಗದೆ ಕಚೇರಿಗಳು ಮುಚ್ಚಿದ್ದು ಹೇಗೆ?

ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂದು ತ್ರಿಕೋನ ಬಿಡಿಸಿ, ಒಂದು ಇನ್ನೊಂದನ್ನು ತಡೆಯುತ್ತದೆ ಎಂದು ಬಾಣ ಹಾಕಿ ತೋರಿಸುವುದು ರೂಢಿ. ಅದರಿಂದ ಈ ಎರಡು ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರ ಸಿಗುವುದಿಲ್ಲ. ಹೆಚ್ಚೆಂದರೆ ನಾಲ್ಕೈದು ಅವಧಿಗಳನ್ನು ಇದಕ್ಕೆಂದು ಹೊಂದಿಸಬಲ್ಲೆ. ಎಲ್ಲಿಂದ ಆರಂಭಿಸಬೇಕು, ಹದಿನಾಲ್ಕು ಹದಿನೈದು ವರ್ಷದವರಿಗೆ ಅರ್ಥಶಾಸ್ತ್ರ ಎಷ್ಟು ಸಾಕು, ಮತ್ತು ಪಾಠವು ಯಾವುದೇ ನಾಯಕರ ಜೈಕಾರ ಅಥವಾ ಧಿಕ್ಕಾರಕ್ಕೆ ತಿರುಗದಂತೆ ನಡೆಸುವುದು ಹೇಗೆ ಎಂಬುದನ್ನು ಅನುಭವಸ್ಥರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ನಿವೃತ್ತ ರಾಜ್ಯಶಾಸ್ತ್ರ ಉಪನ್ಯಾಸಕ, ವಿಜಯಪುರ

ಮೇಡಂ, ನಿಮ್ಮ ವಿದ್ಯಾರ್ಥಿಗಳ ಎರಡು ಪ್ರಶ್ನೆಗಳನ್ನು ಅವರ ಮಾತಿನಲ್ಲಿಯೇ ಹಲಗೆಯ ಮೇಲೆ ಬರೆಯಿರಿ. ತ್ರಿಕೋನವನ್ನು ಕೊನೆಯ ದಿನಕ್ಕೆ ಇಟ್ಟುಕೊಳ್ಳಿ, ಅಥವಾ ಬಿಟ್ಟೇಬಿಡಿ. ಸರ್ಕಾರವೆಂದರೆ ಯಾರ ಹಣ, ಯಾರ ಒಪ್ಪಿಗೆ ಎಂಬ ಪ್ರಶ್ನೆ ಎಂದು ಹಿಡಿದರೆ ಆಡಳಿತವೂ ಆರ್ಥಿಕ ನೀತಿಯೂ ಒಂದೇ ಪಾಠವಾಗುತ್ತವೆ. ಇವೆರಡನ್ನು ಬೇರೆ ಬೇರೆ ಘಟಕಗಳಾಗಿ ಒಡೆಯುವುದರಿಂದಲೇ ಮಕ್ಕಳಿಗೆ ಎರಡೂ ಒಣಗಿದಂತೆ ಕಾಣುತ್ತವೆ ಎಂಬುದು ನನ್ನ ಅಭಿಪ್ರಾಯ.

ಮೊದಲ ಪ್ರಶ್ನೆಯಲ್ಲಿ ಹುಡುಗನ ಅನುಮಾನವೇ ಸರಿ. 1787ರಲ್ಲಿ ರಚನೆಯಾದ ಅಮೆರಿಕದ ಸಂವಿಧಾನದ ಮೊದಲನೆಯ ವಿಧಿಯ 8ನೆಯ ಪ್ರಕರಣವು ತೆರಿಗೆ ಮತ್ತು ಆಮದು ಸುಂಕ ವಿಧಿಸುವ ಅಧಿಕಾರವನ್ನು ಕೊಟ್ಟಿರುವುದು ಕಾಂಗ್ರೆಸ್ಸಿಗೆ, ಅಂದರೆ 435 ಸದಸ್ಯರ ಪ್ರತಿನಿಧಿ ಸಭೆ ಮತ್ತು 100 ಸದಸ್ಯರ ಸೆನೆಟ್ ಸೇರಿದ ಶಾಸಕಾಂಗಕ್ಕೆ. ಹಾಗಾದರೆ ಅದು ಅಧ್ಯಕ್ಷರ ಕೈಗೆ ಹೋದದ್ದು ಹೇಗೆ? ಇಲ್ಲಿ ಸ್ವಲ್ಪ ಇತಿಹಾಸ ಬೇಕಾಗುತ್ತದೆ. 1930ರ ಸ್ಮೂಟ್-ಹಾಲಿ ಕಾಯ್ದೆಯಲ್ಲಿ ಕಾಂಗ್ರೆಸ್ ತಾನೇ ಕುಳಿತು ಸಾವಿರಾರು ಸರಕುಗಳ ಸುಂಕವನ್ನು ನಿಗದಿ ಮಾಡಿತು. ಪ್ರತಿಯೊಬ್ಬ ಸದಸ್ಯನೂ ತನ್ನ ಊರಿನ ಕಾರ್ಖಾನೆಗೆ, ತನ್ನ ಜಿಲ್ಲೆಯ ಬೆಳೆಗೆ ರಕ್ಷಣೆ ಕೇಳಿದ್ದರಿಂದ ದರಗಳು ಏರಿದವು. ಕೆನಡಾ ಮತ್ತು ಯುರೋಪಿನ ದೇಶಗಳು ಪ್ರತಿಸುಂಕ ಹಾಕಿದವು, ಆಗಲೇ ಕುಸಿದಿದ್ದ ವ್ಯಾಪಾರ ಇನ್ನೂ ಕುಸಿಯಿತು. 1934ರಲ್ಲಿ ಕಾಂಗ್ರೆಸ್ ಹೊಸ ಕಾಯ್ದೆಯೊಂದನ್ನು ಮಾಡಿ, ಬೇರೆ ದೇಶಗಳೊಂದಿಗೆ ಒಪ್ಪಂದ ಮಾಡಿಕೊಂಡು ಸುಂಕವನ್ನು ಅರ್ಧದವರೆಗೆ ಇಳಿಸುವ ಅಧಿಕಾರವನ್ನು ಅಧ್ಯಕ್ಷರಿಗೆ ಕೊಟ್ಟಿತು. ಮುಂದೆ 1962ರ ಕಾಯ್ದೆ ರಾಷ್ಟ್ರೀಯ ಭದ್ರತೆಯ ಹೆಸರಿನಲ್ಲಿ, 1974ರದು ಅನುಚಿತ ವ್ಯಾಪಾರದ ವಿರುದ್ಧ, 1977ರದು ತುರ್ತು ಪರಿಸ್ಥಿತಿಗಾಗಿ, ಹೀಗೆ ಒಂದೊಂದೇ ಅಧಿಕಾರ ಆಚೆ ದಾಟಿತು. ಮನೆಯ ಯಜಮಾನಿ ಉಗ್ರಾಣದ ಕೀಲಿಕೈಯನ್ನು ಮಗನ ಕೈಗೆ ಕೊಟ್ಟು, ನಾಲ್ಕು ದಶಕ ಕೇಳದೆ ಬಿಟ್ಟಂತಾಯಿತು.

ಆಗಸ್ಟ್‌ನ ಎರಡೂ ಶೇ 25ಗಳು ನಿಂತಿದ್ದುದು 1977ರ ಕಾಯ್ದೆಯ ಮೇಲೆ. ಆ ಕಾಯ್ದೆಯಲ್ಲಿ ಸುಂಕ ಹಾಕುವ ಅಧಿಕಾರ ಇದೆಯೇ ಎಂಬುದೇ ವ್ಯಾಜ್ಯವಾಗಿತ್ತು. ಅಮೆರಿಕದ್ದೇ ಆದ ಅಂತರರಾಷ್ಟ್ರೀಯ ವ್ಯಾಪಾರ ನ್ಯಾಯಾಲಯವು ಮೇ ತಿಂಗಳಲ್ಲಿ, ಮೇಲ್ಮನವಿ ನ್ಯಾಯಾಲಯವು ಆಗಸ್ಟ್‌ನಲ್ಲಿ ಸರ್ಕಾರದ ವಿರುದ್ಧ ತೀರ್ಪು ನೀಡಿವೆ. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2025ರ ನವೆಂಬರ್ 5ರಂದು ವಾದ ಆಲಿಸಿದರು, ಆ ತಿಂಗಳು ತೀರ್ಪು ಇನ್ನೂ ಬಂದಿರಲಿಲ್ಲ. ಶಿಕ್ಷಕರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗದು. ತರಗತಿಯನ್ನು ಎರಡು ಪಂಗಡ ಮಾಡಿ ವಾದ ಮಾಡಿಸಿ. ಯಾರು ಸರಿ ಎಂದು ಹೇಳುವ ಹೊಣೆ ನಿಮ್ಮ ಮೇಲೆ ಬರುವುದಿಲ್ಲ, ಜೈಕಾರಕ್ಕೂ ಎಡೆ ಇರುವುದಿಲ್ಲ. ಇದು ಅಮೆರಿಕದವರಿಗೆ ಮಾತ್ರ ಅಂಟಿದ ರೋಗವೆಂದು ಮಕ್ಕಳು ತಿಳಿಯಬಾರದು. ನಮ್ಮಲ್ಲಿಯೂ 1975ರ ಸೀಮಾ ಸುಂಕ ದರ ಕಾಯ್ದೆಯನ್ನು ಸಂಸತ್ತು ಮಾಡಿದ್ದರೂ, ಸರ್ಕಾರವು ಅಧಿಸೂಚನೆಯ ಮೂಲಕ ವಿನಾಯಿತಿ ಕೊಡಬಹುದು, ತುರ್ತಿನಲ್ಲಿ ಏರಿಸಲೂಬಹುದು. ಈರುಳ್ಳಿಯ ರಫ್ತು ಸುಂಕ ರಾತ್ರೋರಾತ್ರಿ ಬಂದದ್ದನ್ನು ನಿಮ್ಮ ಮಕ್ಕಳ ಮನೆಯವರು ಮರೆತಿರಲಾರರು.

ಎರಡನೆಯ ಪ್ರಶ್ನೆ ಇನ್ನೂ ಸೊಗಸಾಗಿದೆ. ನಮ್ಮ ದೇಶದಲ್ಲಿ ಸರ್ಕಾರದ ಹಣದ ಬೇಡಿಕೆಯನ್ನು ಲೋಕಸಭೆ ತಿರಸ್ಕರಿಸಿದರೆ ಬೀಳುವುದು ಮಂತ್ರಿಮಂಡಲ, ಏಕೆಂದರೆ 75ನೆಯ ವಿಧಿಯಂತೆ ಅದು ಸದನಕ್ಕೆ ಸಾಮೂಹಿಕವಾಗಿ ಹೊಣೆ. ಬಜೆಟ್ ತಡವಾದರೆ 116ನೆಯ ವಿಧಿಯ ಲೇಖಾನುದಾನವಿದೆ, ಅಂದರೆ ಅಲ್ಲಿಯವರೆಗಿನ ಖರ್ಚಿಗೆ ಮುಂಗಡ ಒಪ್ಪಿಗೆ. ಹೀಗಾಗಿ ತಹಶೀಲ್ದಾರ್ ಕಚೇರಿಗೆ ಬೀಗ ಬೀಳುವುದಿಲ್ಲ. ಅಮೆರಿಕದಲ್ಲಿ ಅಧ್ಯಕ್ಷರನ್ನು ಕಾಂಗ್ರೆಸ್ ಆರಿಸುವುದಿಲ್ಲ, ಹಣ ಕೊಡದೆ ಇಳಿಸುವುದಕ್ಕೂ ಆಗುವುದಿಲ್ಲ. ನಾಲ್ಕು ವರ್ಷದ ಅವಧಿ ಗಡಿಯಾರದಂತೆ ನಡೆಯುತ್ತದೆ. ಅಲ್ಲಿನ ಆರ್ಥಿಕ ವರ್ಷ ಅಕ್ಟೋಬರ್ 1ರಂದು ಆರಂಭವಾಗುತ್ತದೆ. ಅಷ್ಟರೊಳಗೆ ವೆಚ್ಚದ ಮಸೂದೆಗಳು ಅಥವಾ ತಾತ್ಕಾಲಿಕ ಮಸೂದೆಯೊಂದು ಅಂಗೀಕಾರವಾಗದಿದ್ದರೆ ಅಧ್ಯಕ್ಷರು ಕುರ್ಚಿಯಲ್ಲಿಯೇ ಇರುತ್ತಾರೆ, ಕಚೇರಿಗಳು ಮುಚ್ಚುತ್ತವೆ. 2025ರಲ್ಲಿ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ, 43 ದಿನ, ಹಾಗಾಯಿತು. ಅದಕ್ಕೂ ಹಿಂದಿನ ಅತಿ ದೀರ್ಘ ಸ್ಥಗಿತ 2018-19ರ 35 ದಿನಗಳದು.

ಇಲ್ಲಿ ಚುರುಕಾದ ಹುಡುಗಿಯೊಬ್ಬಳು, ಎರಡೂ ಸದನಗಳಲ್ಲಿ ಅಧ್ಯಕ್ಷರ ಪಕ್ಷಕ್ಕೇ ಬಹುಮತ ಇದೆಯಲ್ಲ ಎಂದು ಕೇಳಿಯೇ ಕೇಳುತ್ತಾಳೆ. ಕೇಳದಿದ್ದರೆ ನೀವೇ ಕೇಳಿ. ಸೆನೆಟ್‌ನಲ್ಲಿ ಚರ್ಚೆಯನ್ನು ಮುಗಿಸಿ ಮತಕ್ಕೆ ಹಾಕಲು ಸಾಮಾನ್ಯವಾಗಿ 60 ಮತಗಳು ಬೇಕು, ಆಡಳಿತ ಪಕ್ಷದ ಬಳಿ ಇದ್ದವರು 53 ಜನ. ಆದರೆ ಅದೇ ಸೆನೆಟ್, ಅದೇ ವರ್ಷದ ಜುಲೈನಲ್ಲಿ, ತೆರಿಗೆ ಮತ್ತು ವೆಚ್ಚದ ಬೃಹತ್ ಕಾಯ್ದೆಯೊಂದನ್ನು ಉಪಾಧ್ಯಕ್ಷರ ನಿರ್ಣಾಯಕ ಮತದೊಂದಿಗೆ 51-50ರಲ್ಲಿ ಅಂಗೀಕರಿಸಿತ್ತು. 1974ರ ಬಜೆಟ್ ಕಾಯ್ದೆಯಲ್ಲಿರುವ ವಿಶೇಷ ದಾರಿಯೊಂದರಲ್ಲಿ ಸರಳ ಬಹುಮತವೇ ಸಾಕು, ಅದರಲ್ಲಿ ಹೋದದ್ದು ಜುಲೈನ ಕಾಯ್ದೆ. ವಾರ್ಷಿಕ ವೆಚ್ಚದ ಮಸೂದೆ ಆ ದಾರಿಯಲ್ಲಿ ಹೋಗಲಿಲ್ಲ, ಅದಕ್ಕೆ 60 ಬೇಕಾಯಿತು. ಈ ಎರಡು ಮಸೂದೆಗಳನ್ನು ಅಕ್ಕಪಕ್ಕ ಇಟ್ಟು ಒಂದು ಇಡೀ ಅವಧಿ ಮಾತಾಡಿಸಿದರೆ ಬಹುಮತವೆಂದರೆ ಎಷ್ಟು ಎಂಬುದನ್ನು ಸದನದ ನಿಯಮಗಳು ತೀರ್ಮಾನಿಸುತ್ತವೆ ಎಂಬುದು ಅವರಿಗೆ ಅರ್ಥವಾಗುತ್ತದೆ. ಈ ಅರಿವು ಭಾರತದ ಸಂಸತ್ತಿನ ಪಾಠಕ್ಕೂ ಉಪಯೋಗಕ್ಕೆ ಬರುತ್ತದೆ.

ಉತ್ತರ: ರಫ್ತು ವಿಭಾಗದ ಲೆಕ್ಕಿಗ, ಉದ್ಯಮಬಾಗ, ಬೆಳಗಾವಿ

ನಾನು ಶಿಕ್ಷಕನಲ್ಲ. ಎರಕದ ಬಿಡಿಭಾಗಗಳನ್ನು ಹೊರದೇಶಕ್ಕೆ ಕಳುಹಿಸುವ ಫೌಂಡ್ರಿಯೊಂದರಲ್ಲಿ ಕಾಗದಪತ್ರ ನೋಡಿಕೊಳ್ಳುತ್ತೇನೆ. ಸುಂಕವನ್ನು ಯಾರು ಕಟ್ಟುತ್ತಾರೆ ಎಂಬುದು ತಿಳಿಯದೆ ಯಾರು ಹಾಕುತ್ತಾರೆ ಎಂಬ ಚರ್ಚೆ ಅರ್ಧವಾಗುತ್ತದೆ ಎನಿಸಿದ್ದರಿಂದ ಬರೆಯುತ್ತಿದ್ದೇನೆ.

ಸಾಧ್ಯವಾದರೆ ರಫ್ತಿನ ಇನ್‌ವಾಯ್ಸ್ ಒಂದರ ಮಾದರಿಯನ್ನು, ಹೆಸರುಗಳನ್ನು ತೆಗೆದುಹಾಕಿ, ಮಕ್ಕಳ ಕೈಗೆ ಕೊಡಿ. ಅದರಲ್ಲಿ ಬಿಡಿಭಾಗದ ಹೆಸರು, ಸರಕಿನ ವರ್ಗ ತಿಳಿಸುವ ಎಚ್‌ಎಸ್ ಕೋಡ್, ಸಂಖ್ಯೆ, ನಿವ್ವಳ ತೂಕ, ಡಾಲರ್ ದರ, ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿನಲ್ಲಿ ಹಡಗಿಗೆ ಏರಿಸುವವರೆಗಿನ ಖರ್ಚು ಸೇರಿದ ಎಫ್‌ಒಬಿ ಮೌಲ್ಯ, ಇಷ್ಟೂ ಇರುತ್ತವೆ. ಅಮೆರಿಕದ ಸುಂಕ ಎಂಬ ಕಲಂ ಎಲ್ಲಿಯೂ ಇರುವುದಿಲ್ಲ. ಸಾಮಾನ್ಯ ವ್ಯವಹಾರದಲ್ಲಿ ಸುಂಕ ಕಟ್ಟುವವನು ಆ ದೇಶದ ಆಮದುದಾರ. ಅಲ್ಲಿನ ಕಸ್ಟಮ್ಸ್ ಇಲಾಖೆ ವಸೂಲಿ ಮಾಡುತ್ತದೆ, ಹಣ ಅಲ್ಲಿನ ಖಜಾನೆಗೆ ಹೋಗುತ್ತದೆ. ಭಾರತವು ಅಮೆರಿಕಕ್ಕೆ ಶೇ 50 ಕಟ್ಟಬೇಕು ಎಂದು ಟಿ.ವಿ.ಯಲ್ಲಿ ಹೇಳುವುದನ್ನು ಕೇಳಿದವರಿಗೆ ಆ ಕಲಂ ಇಲ್ಲದ ಹಾಳೆಯೇ ಒಂದು ಪಾಠ.

ಹಾಗಾದರೆ ನಮಗೇನು ತೊಂದರೆ ಎಂದು ಮಕ್ಕಳು ಕೇಳುವರು. ಆಗ ಗಣಿತಕ್ಕೆ ಬನ್ನಿ. ನಮ್ಮ ಭಾಗದ ಬೆಲೆ 100 ಡಾಲರ್ ಇದ್ದರೆ ಶೇ 50 ಸುಂಕ ಸೇರಿ ಖರೀದಿದಾರನಿಗೆ 150 ಬೀಳುತ್ತದೆ. ಅವನು ದರ ಇಳಿಸಿ ಎನ್ನುತ್ತಾನೆ. ನಾವು 90ಕ್ಕೆ ಕೊಟ್ಟರೆ ಅವನಿಗೆ 135. ಅವನಿಗೆ ಮೊದಲಿನಂತೆ 100ಕ್ಕೇ ಬೀಳಬೇಕಾದರೆ ನಾವು ಎಷ್ಟಕ್ಕೆ ಕೊಡಬೇಕು ಎಂದು ಕೇಳಿ ನೋಡಿ. ಬಹಳಷ್ಟು ಮಕ್ಕಳು 50 ಎನ್ನುತ್ತಾರೆ. ಉತ್ತರ 66.67, ಅಂದರೆ ಮೂರನೆಯ ಒಂದು ಭಾಗ ಇಳಿಕೆ. ಎರಕದ ಧಂದೆಯಲ್ಲಿ ಅಷ್ಟು ಲಾಭಾಂಶ ಯಾರಿಗೂ ಇರುವುದಿಲ್ಲ. ಆದ್ದರಿಂದ ಭಾರವನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ, ಅಥವಾ ಅವನು ಬೇರೆ ದೇಶದ ಸರಬರಾಜುದಾರನನ್ನು ಹುಡುಕುತ್ತಾನೆ, ಇಲ್ಲಿ ಮೂರನೆಯ ಪಾಳಿ ನಿಲ್ಲುತ್ತದೆ. ಯಾರ ಪಾಲು ಎಷ್ಟು ಎಂಬುದು ಯಾರಿಗೆ ಬೇರೆ ದಾರಿ ಇದೆ ಎಂಬುದರ ಮೇಲೆ ನಿಂತಿದೆ. ಪ್ರೌಢಶಾಲೆಗೆ ಅರ್ಥಶಾಸ್ತ್ರ ಇಷ್ಟು ಸಾಕೆಂದು ನನಗೆ ತೋರುತ್ತದೆ.

ಹಿಂದಿನ ಉತ್ತರಕ್ಕೆ ಒಂದು ಸೇರ್ಪಡೆ. ಒಂದೇ ಕಾರ್ಖಾನೆಯ ಎಲ್ಲ ಮಾಲಿಗೂ ಒಂದೇ ಸುಂಕವಲ್ಲ. 2025ರ ನವೆಂಬರ್‌ನಲ್ಲಿ, ಕಾರಿನ ಬಿಡಿಭಾಗಗಳ ಪಟ್ಟಿಯಲ್ಲಿದ್ದರೆ 1962ರ ಕಾಯ್ದೆಯ 232ನೆಯ ಪ್ರಕರಣದಂತೆ ಶೇ 25, ಉಕ್ಕಿನ ಪಟ್ಟಿಯಲ್ಲಿದ್ದರೆ ಅದೇ ಪ್ರಕರಣದಂತೆ ಶೇ 50, ಈ ಯಾವ ಪಟ್ಟಿಯಲ್ಲಿಯೂ ಇಲ್ಲದ ಮಾಲಿಗೆ 1977ರ ಕಾಯ್ದೆಯ ಎರಡು ಶೇ 25ಗಳು ಇದ್ದವು. ಸುಪ್ರೀಂ ಕೋರ್ಟಿನ ಮುಂದೆ ಹೋದದ್ದು ಕೊನೆಯದು ಮಾತ್ರ. ಆ ತೀರ್ಪು ಮೊದಲಿನ ಎರಡನ್ನು ಮುಟ್ಟುವುದಿಲ್ಲ. ನಮ್ಮಲ್ಲಿಯೇ ಎಷ್ಟೋ ಜನ ಹಿರಿಯರು ಇದನ್ನು ಗಮನಿಸಿಲ್ಲ.

ಉತ್ತರ: ಮುಖ್ಯ ಶಿಕ್ಷಕ, ಸಿಂದಗಿ ತಾಲ್ಲೂಕು

ಎಲ್ಲರ ಉತ್ಸಾಹವನ್ನು ಗೌರವಿಸುತ್ತಲೇ ಒಂದು ಆಕ್ಷೇಪಣೆ ಹೇಳುತ್ತೇನೆ. ಹತ್ತನೆಯ ತರಗತಿಯ ಮಗು ಜನವರಿಯಿಂದ ಪೂರ್ವಸಿದ್ಧತಾ ಪರೀಕ್ಷೆಗಳ ಒತ್ತಡಕ್ಕೆ ಬೀಳುತ್ತದೆ. ಗ್ರಾಮ ಪಂಚಾಯಿತಿಯ ತೆರಿಗೆ ಯಾರು ನಿರ್ಧರಿಸುತ್ತಾರೆ, ಜಿಎಸ್‌ಟಿ ಮಂಡಳಿಯಲ್ಲಿ ರಾಜ್ಯಕ್ಕೆ ಎಷ್ಟು ಮತಬಲ ಎಂಬುದನ್ನೇ ತಿಳಿಯದವರಿಗೆ ಅಮೆರಿಕದ ಸೆನೆಟ್ಟಿನ 60 ಮತಗಳ ಲೆಕ್ಕ ಏಕೆ? ಮಾಡಲೇಬೇಕಿದ್ದರೆ ಒಂಬತ್ತನೆಯ ತರಗತಿಯಲ್ಲಿ ಮಾಡಿ. ಹತ್ತನೆಯದರಲ್ಲಾದರೆ 20 ಅಂಕಗಳ ಆಂತರಿಕ ಮೌಲ್ಯಮಾಪನದ ಚಟುವಟಿಕೆಯಾಗಿ ಇಡಿ, ಆಗ ಪೋಷಕರೂ ಪ್ರಶ್ನಿಸುವುದಿಲ್ಲ. ಮತ್ತು ಎಲ್ಲ ಹೋಲಿಕೆಗಳಲ್ಲಿಯೂ ಭಾರತದ ವಿಧಿ ಮೊದಲು ಬರಲಿ, ಅಮೆರಿಕದ್ದು ನಂತರ.

ಪ್ರಶ್ನಿಸಿದವರ ಮರುನುಡಿ

ಮುಖ್ಯ ಗುರುಗಳ ಸಲಹೆಯಂತೆ ಒಂಬತ್ತನೆಯ ತರಗತಿಯನ್ನೇ ಆರಿಸಿಕೊಳ್ಳುತ್ತೇನೆ. ಆದರೆ ಭಾರತದ್ದು ಮೊದಲು ಎಂಬುದನ್ನು ನಿಯಮವಾಗಿ ಒಪ್ಪಲಾರೆ. ಅಲ್ಲಿನ ಕಚೇರಿ ಮುಚ್ಚಿದ ಸುದ್ದಿ ಕೇಳಿದ ಮೇಲೆಯೇ ನಮ್ಮ ಮಕ್ಕಳು, ಇಲ್ಲೇಕೆ ಹಾಗಾಗುವುದಿಲ್ಲ ಎಂದು ಮೊದಲ ಬಾರಿಗೆ ಕೇಳಿದ್ದು. ಲೇಖಾನುದಾನದ ಹೆಸರನ್ನು ಅದಕ್ಕೂ ಮೊದಲೇ ಪಾಠದಲ್ಲಿ ಓದಿದ್ದರು, ಪ್ರಶ್ನೆ ಹುಟ್ಟಿರಲಿಲ್ಲ.

ಇನ್ನೊಂದು ತೊಡಕು ಉಳಿದಿದೆ. ನಮ್ಮ ಭಾಗದಲ್ಲಿ ಎರಕದ ಕಾರ್ಖಾನೆಗಳಿಲ್ಲ. ಕೃಷ್ಣಾ ಮತ್ತು ಘಟಪ್ರಭಾ ದಂಡೆಯ ಕಬ್ಬು, ಸಕ್ಕರೆ ಕಾರ್ಖಾನೆ, ಬಿಲ್ಲಿನ ಬಾಕಿ, ಇವೇ ಮಕ್ಕಳ ಮನೆಯ ಮಾತು. ಈ ತಿಂಗಳಂತೂ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬಿನ ದರಕ್ಕಾಗಿ ರೈತರು ನಡೆಸಿದ ಹೋರಾಟ ಬಿಟ್ಟರೆ ಬೇರೆ ಮಾತೇ ಇರಲಿಲ್ಲ. ಆ ಕಡೆಯಿಂದ ಅಮೆರಿಕಕ್ಕೆ ದಾರಿ ಇದೆಯೇ?

ಉತ್ತರ: ಅರ್ಥಶಾಸ್ತ್ರ ಉಪನ್ಯಾಸಕ, ಮುಧೋಳ

ದಾರಿ ಇದೆ, ಅದೂ ನೇರವಾಗಿದೆ. ಮಾರುಕಟ್ಟೆಯನ್ನು ಸ್ವತಂತ್ರವಾಗಿ ಬಿಟ್ಟ ದೇಶವೆಂದು ಎಲ್ಲರೂ ತಿಳಿದಿರುವ ಅಮೆರಿಕದಲ್ಲಿ ಸಕ್ಕರೆಯಷ್ಟು ಸರ್ಕಾರದ ಹಿಡಿತವಿರುವ ಸರಕು ಅಪರೂಪ. ಮಕ್ಕಳ ಮನಸ್ಸಿನ ಸಿದ್ಧ ಚಿತ್ರವನ್ನು ಅಲುಗಿಸಲು ಇದು ಸಾಕು.

ಮೊದಲು ಅವರಿಗೆ ಗೊತ್ತಿರುವುದನ್ನು ಹಲಗೆಯ ಮೇಲೆ ಬರೆಸಿ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಘೋಷಿಸಿದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕಬ್ಬಿಗೆ ಕೊಡಲೇಬೇಕಾದ ದರ, ಕ್ವಿಂಟಲಿಗೆ 355 ರೂಪಾಯಿ, ಅದೂ ಶೇ 10.25 ಸಕ್ಕರೆ ಇಳುವರಿಗೆ. ಹೋರಾಟಗಾರರು ಟನ್ನಿಗೆ 3,500 ಕೇಳಿದರು, ರಾಜ್ಯ ಸರ್ಕಾರ ನಡುವೆ ಬಂದು 3,300ಕ್ಕೆ ತಂದು ನಿಲ್ಲಿಸಿತು. ಕಾಗದದ ಮೇಲಿನ 3,550ಕ್ಕಿಂತ ಕಡಿಮೆ ಕೇಳಿದ್ದೇಕೆ ಎಂದು ಯಾರಾದರೂ ಕೇಳಿದರೆ, ಕಟಾವು ಮತ್ತು ಸಾಗಣೆಯ ಕಡಿತವನ್ನು ವಿವರಿಸಲು ನಿಮ್ಮ ತರಗತಿಯಲ್ಲೇ ಹತ್ತು ಜನ ಸಿಗುತ್ತಾರೆ. ಸಕ್ಕರೆಗೆ ಕಿಲೋಗೆ 31 ರೂಪಾಯಿಯ ಕನಿಷ್ಠ ಮಾರಾಟ ದರ 2019ರಿಂದ 2025ರವರೆಗೂ ಹಾಗೆಯೇ ಇತ್ತು ಎಂಬುದನ್ನೂ ಸೇರಿಸಿ.

ಈಗ ಆಚೆಗೆ ಹೋಗಿ. ಅಲ್ಲಿ ಫ್ಲೋರಿಡಾ, ಲೂಸಿಯಾನಾದಲ್ಲಿ ಕಬ್ಬು. ಮಿನೆಸೋಟಾ, ಉತ್ತರ ಡಕೋಟಾದಲ್ಲಿ ಸಕ್ಕರೆ ಬೀಟ್. ಸರ್ಕಾರ ರೈತನಿಗೆ ನೇರವಾಗಿ ದರ ನಿಗದಿ ಮಾಡುವುದಿಲ್ಲ. ಕಾರ್ಖಾನೆಯು ಸಕ್ಕರೆಯನ್ನು ಅಡವಿಟ್ಟು ಕೃಷಿ ಇಲಾಖೆಯ ಅಧೀನದ ನಿಗಮದಿಂದ ಸಾಲ ಪಡೆಯುತ್ತದೆ. ಮಾರುಕಟ್ಟೆ ದರ ಬಿದ್ದರೆ ಸಕ್ಕರೆಯನ್ನೇ ಸರ್ಕಾರಕ್ಕೆ ಬಿಟ್ಟು ಸಾಲದಿಂದ ಕೈತೊಳೆದುಕೊಳ್ಳಬಹುದು. ಹೀಗೆ ಸಾಲದ ದರವೇ ಸಕ್ಕರೆಯ ಕನಿಷ್ಠ ಬೆಲೆಯಾಗಿ ನಿಲ್ಲುತ್ತದೆ. ಕಚ್ಚಾ ಸಕ್ಕರೆಗೆ ಅದು ಪೌಂಡಿಗೆ 19.75 ಸೆಂಟ್ ಇತ್ತು. ವಿಜಯಪುರದ ಉಪನ್ಯಾಸಕರು ಮೇಲೆ ಹೇಳಿದ, 51-50ರಲ್ಲಿ ಅಂಗೀಕಾರವಾದ ಜುಲೈನ ಕಾಯ್ದೆಯೇ ಅದನ್ನು 24 ಸೆಂಟ್‌ಗೆ ಏರಿಸಿತು. ಪೌಂಡನ್ನು ಕಿಲೋಗೆ ತಿರುಗಿಸಿದರೆ ಸುಮಾರು 53 ಸೆಂಟ್, ಡಾಲರಿಗೆ 88 ರೂಪಾಯಿಯಂತೆ ಹಿಡಿದರೆ ಕಿಲೋಗೆ 46-47 ರೂಪಾಯಿ. ಈ ಲೆಕ್ಕವನ್ನು ಮಕ್ಕಳೇ ಮಾಡಲಿ.

ಹೊರಗಿನ ಅಗ್ಗದ ಸಕ್ಕರೆ ಒಳಗೆ ಬಂದರೆ ಈ ಏರ್ಪಾಡು ಕುಸಿಯುತ್ತದೆ. ಅದಕ್ಕಾಗಿ ಕೋಟಾ ಇದೆ. ವಿಶ್ವ ವ್ಯಾಪಾರ ಸಂಘಟನೆಗೆ ಕೊಟ್ಟ ಮಾತಿನಂತೆ ಸುಮಾರು 11 ಲಕ್ಷ 17 ಸಾವಿರ ಟನ್ ಕಚ್ಚಾ ಸಕ್ಕರೆಯನ್ನು ಕಡಿಮೆ ಸುಂಕದಲ್ಲಿ ಬಿಟ್ಟುಕೊಳ್ಳುತ್ತಾರೆ, ಅದನ್ನು ಮೀರಿದ್ದಕ್ಕೆ ಪೌಂಡಿಗೆ 15.36 ಸೆಂಟ್ ಸುಂಕ. ಆ ಕೋಟಾದಲ್ಲಿ ಭಾರತದ ಪಾಲು 8 ಸಾವಿರ ಟನ್ನಿನ ಆಚೀಚೆ. ದಿನಕ್ಕೆ 10 ಸಾವಿರ ಟನ್ ಕಬ್ಬು ನುರಿಸುವ ಕಾರ್ಖಾನೆಯೊಂದು, ಶೇ 10ರ ಇಳುವರಿಯಲ್ಲಿ, ಎಂಟೊಂಬತ್ತು ದಿನಗಳಲ್ಲಿ ತೆಗೆಯುವಷ್ಟು ಸಕ್ಕರೆ ಅದು. ಇಡೀ ದೇಶಕ್ಕೆ ಅಷ್ಟೇ.

ಇದರಿಂದ ಅಲ್ಲಿನ ಸಕ್ಕರೆಯ ಬೆಲೆ ಸಾಮಾನ್ಯವಾಗಿ ಜಾಗತಿಕ ಬೆಲೆಗಿಂತ ಹೆಚ್ಚಿರುತ್ತದೆ. ಮಿಠಾಯಿ ಕಂಪನಿಗಳು ದಶಕಗಳಿಂದ ವಿರೋಧಿಸುತ್ತ ಬಂದಿವೆ, ಆದರೂ ಏರ್ಪಾಡು ಉಳಿದಿದೆ. ಕಾರಣವನ್ನು ಸೆನೆಟ್ಟಿನ ರಚನೆಯಲ್ಲಿಯೂ ಹುಡುಕಬೇಕು. ಎಂಟು ಲಕ್ಷದಷ್ಟು ಜನರಿರುವ ಉತ್ತರ ಡಕೋಟಾಕ್ಕೂ ಇಬ್ಬರು ಸೆನೆಟರ್‌ಗಳು, ಸುಮಾರು ನಾಲ್ಕು ಕೋಟಿ ಜನರಿರುವ ಕ್ಯಾಲಿಫೋರ್ನಿಯಾಕ್ಕೂ ಇಬ್ಬರೇ. ಬೀಟ್ ಬೆಳೆಗಾರರ ಸಂಖ್ಯೆ ಕಡಿಮೆ, ಆದರೆ ಅವರಿಗೆ ಇದು ಬದುಕಿನ ಪ್ರಶ್ನೆ. ಸಕ್ಕರೆ ತಿನ್ನುವವರು ಕೋಟಿಗಟ್ಟಲೆ, ಒಬ್ಬೊಬ್ಬರಿಗೆ ತಗಲುವ ಹೊರೆ ಅತ್ಯಲ್ಪ. ಯಾರು ರಸ್ತೆಗೆ ಇಳಿಯುತ್ತಾರೆ ಎಂದು ಗುರ್ಲಾಪುರವನ್ನು ಕಂಡ ಮಕ್ಕಳಿಗೆ ಬಿಡಿಸಿ ಹೇಳಬೇಕಿಲ್ಲ.

ಉತ್ತರ: ನಿವೃತ್ತ ರಾಜ್ಯಶಾಸ್ತ್ರ ಉಪನ್ಯಾಸಕ, ವಿಜಯಪುರ

ಸಕ್ಕರೆಯ ಉದಾಹರಣೆ ನನ್ನ ಇತಿಹಾಸದ ಪಾಠಕ್ಕಿಂತ ಚೆನ್ನಾಗಿದೆ. ಮೇಡಂ ಅದರಿಂದಲೇ ಆರಂಭಿಸಲಿ, ಸ್ಮೂಟ್-ಹಾಲಿ ಎರಡನೆಯ ಅವಧಿಗೆ ಬರಲಿ.

ಇನ್ನೊಂದು ಅವಧಿ ಉಳಿದರೆ ಬಡ್ಡಿದರಕ್ಕೆ ಕೊಡಿ. ಅಧ್ಯಕ್ಷರೂ ಕಾಂಗ್ರೆಸ್ಸೂ ನೇರವಾಗಿ ಕೈಹಾಕಲಾಗದ ಆರ್ಥಿಕ ನೀತಿಯೊಂದು ಇದೆ ಎಂಬುದು ಮಕ್ಕಳಿಗೆ ಅಚ್ಚರಿ ಹುಟ್ಟಿಸುತ್ತದೆ. 1913ರ ಕಾಯ್ದೆಯಿಂದ ಹುಟ್ಟಿದ ಅಲ್ಲಿನ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ನಲ್ಲಿ ದರ ನಿರ್ಧರಿಸುವ ಸಮಿತಿಗೆ 12 ಮತಗಳು. ಅವುಗಳಲ್ಲಿ ಏಳು ಗವರ್ನರುಗಳವು. ಅವರನ್ನು ಅಧ್ಯಕ್ಷರು ಸೆನೆಟ್ಟಿನ ಒಪ್ಪಿಗೆಯಿಂದ ನೇಮಿಸುತ್ತಾರೆ, ಪೂರ್ಣ ಅವಧಿ 14 ವರ್ಷ, ಸಕಾರಣವಿಲ್ಲದೆ ತೆಗೆಯುವಂತಿಲ್ಲ ಎನ್ನುತ್ತದೆ ಕಾಯ್ದೆ. ಉಳಿದ ಐದು ಮತ ಪ್ರಾದೇಶಿಕ ಬ್ಯಾಂಕುಗಳ ಮುಖ್ಯಸ್ಥರವು. ನಮ್ಮಲ್ಲಿ 2016ರಿಂದ ಆರು ಜನರ ಹಣಕಾಸು ನೀತಿ ಸಮಿತಿ ಇದೆ, ಮೂವರು ರಿಸರ್ವ್ ಬ್ಯಾಂಕಿನವರು, ಮೂವರು ಕೇಂದ್ರ ನೇಮಿಸಿದವರು. ಹಣದುಬ್ಬರದ ಶೇ 4ರ ಗುರಿಯನ್ನು ಐದು ವರ್ಷಕ್ಕೊಮ್ಮೆ ನಿಗದಿಪಡಿಸುವುದು ಸರ್ಕಾರ, ರಿಸರ್ವ್ ಬ್ಯಾಂಕಿನೊಡನೆ ಸಮಾಲೋಚಿಸಿ. ಅಲ್ಲಿ ಶೇ 2ರ ಗುರಿಯನ್ನು 2012ರಲ್ಲಿ ಬ್ಯಾಂಕೇ ತನಗೆ ತಾನು ಹಾಕಿಕೊಂಡಿತು. ಈ ವ್ಯತ್ಯಾಸವೊಂದನ್ನು ಹೇಳಿದರೆ ಸಾಕು, ರೆಪೊ ದರದ ಒಳಸುಳಿಗಳಿಗೆ ಹೋಗಬೇಡಿ. ಮುಖ್ಯ ಗುರುಗಳ ಜಿಎಸ್‌ಟಿ ಮಂಡಳಿಯ ಮಾತು ಇಲ್ಲಿಯೇ ಸೇರುತ್ತದೆ: ಕೇಂದ್ರಕ್ಕೆ ಮೂರನೆಯ ಒಂದು ಭಾಗ ಮತ, ಎಲ್ಲ ರಾಜ್ಯಗಳಿಗೂ ಸೇರಿ ಉಳಿದ ಎರಡು ಭಾಗ, ನಿರ್ಣಯಕ್ಕೆ ನಾಲ್ಕರಲ್ಲಿ ಮೂರು ಭಾಗ ಬೇಕು. ಕೇಂದ್ರ ಒಪ್ಪದೆ ಏನೂ ಆಗದು, ಕೇಂದ್ರವೊಂದೇ ಬಯಸಿದರೂ ಆಗದು. ಸೆನೆಟ್ಟಿನ 60ರ ಲೆಕ್ಕ ಮುಗಿದ ಮರುದಿನವೇ ಇದನ್ನು ಹಲಗೆಯ ಮೇಲೆ ಮಾಡಿಸಬಹುದು.